ಬೂಷ್ಟಮ್ಮನ ಬೈ-ಟೂ

ಕೇಬಲ್ಲಿಗೆ ದಿನಾ ಬೆಲ್ಲದ ನೀರು ಹಾಕುವ ಕಾಲ ಬರುತ್ತದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ, ಸಿದ್ಧಗಂಗಯ್ಯ ಅವರನ್ನು ಫ್ಯಾನಿನ ಕೆಳಗೆ ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, ಅವರ ಮನೆಯವರಿಗೆ ಫೋನ್ ಮಾಡುತ್ತಿದ್ದ. ಈಗ ಬೆಳಗಾದರೆ ಅವನೇ ಬಕೆಟ್ಟು ಹಿಡಿದುಕೊಂಡು, ತುಮಕೂರಿನ ಹೊರವಲಯದ ಒಂದು ನಾಲ್ಕು ಮಹಡಿಯ ಕಟ್ಟಡದ ನೆಲಮಾಳಿಗೆಗೆ ಇಳಿಯುತ್ತಿದ್ದ. ಗುರುತಿನ ಚೀಟಿಯಲ್ಲಿ 'ಹಿರಿಯ ನೆಟ್‌ವರ್ಕ್ ತಂತ್ರಜ್ಞ' ಎಂದಿತ್ತು. ಮಾಡುತ್ತಿದ್ದದ್ದು ಮಾತ್ರ ಹೆಚ್ಚುಕಡಿಮೆ ಕೊಟ್ಟಿಗೆಯ ಕೆಲಸ.

ಸಂಗತಿ ಇಷ್ಟೇ. ಕಾಡಿನಲ್ಲಿ ಅಣಬೆಗಳು ಮಣ್ಣಿನಡಿ ಬಿಳಿಯ ಎಳೆಗಳನ್ನು ಹಬ್ಬಿಸಿಕೊಂಡಿರುತ್ತವೆ, ಆ ಎಳೆಗಳಲ್ಲಿ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳು ಓಡಾಡುತ್ತವೆ ಎಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. 'ಜೀವತಂತು' ಎಂಬ ಕಂಪನಿಯವರು ಅಂಥದೇ ಒಂದು ಶಿಲೀಂಧ್ರದ ಜೀನುಗಳನ್ನು ತಿದ್ದಿ, ಆ ಮಿಡಿತಗಳನ್ನು ಗಾಜಿನ ತಂತಿಯ ವೇಗಕ್ಕೆ ತಂದು ನಿಲ್ಲಿಸಿದರು. ಕೊಳವೆಯೊಳಗೆ ಒಂದು ಚೂರು ಬಿತ್ತಿದರೆ ಸಾಕು, ಕಟ್ಟಡದ ತುಂಬ ಅದು ತಾನೇ ಹಬ್ಬಿಕೊಳ್ಳುತ್ತಿತ್ತು. ಕತ್ತರಿಸಿದರೆ ತಾನೇ ಕೂಡಿಕೊಳ್ಳುತ್ತಿತ್ತು. ಇಲಿಗಳು ಮೂಸಿ ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವು. ಜಾಹೀರಾತಿನಲ್ಲಿ ಅದಕ್ಕೆ ಒಳ್ಳೆಯ ಹೆಸರುಗಳಿದ್ದವು, ನೋಡಿಕೊಳ್ಳುವವರ ಬಾಯಲ್ಲಿ ಮಾತ್ರ ಬರೀ ಬೂಷ್ಟು. ದಿನಾ ಊಟ ಹಾಕುವ ಜೀವವನ್ನು ಹಾಗೆ ಕರೆಯಲು ಮನಸ್ಸು ಬಾರದೆ ಸಿದ್ಧಗಂಗಯ್ಯ ಬೂಷ್ಟಮ್ಮ ಎನ್ನುತ್ತಿದ್ದ. ಕ್ರಮೇಣ ಇಡೀ ಕಟ್ಟಡವೇ ಹಾಗೆ ಕರೆಯತೊಡಗಿತು.

ಆ ಕಟ್ಟಡ ಒಂದು ವಿಮಾ ಕಂಪನಿಯ ದೂರು ವಿಭಾಗ. ಗ್ರಾಹಕರ ಜೊತೆ ಮಾತಾಡುವ ಕೆಲಸವನ್ನೆಲ್ಲ ಯಂತ್ರಗಳು ವಹಿಸಿಕೊಂಡಿದ್ದವು. ಯಂತ್ರಗಳ ಜೊತೆ ಮಾತಾಡಿ ತಲೆಕೆಟ್ಟ ಗ್ರಾಹಕರಿಂದ ಬೈಸಿಕೊಳ್ಳುವ ಕೆಲಸ ಮಾತ್ರ ಮನುಷ್ಯರಿಗೆ ಉಳಿದಿತ್ತು. ಒಬ್ಬರು ಬೈದು ಮುಗಿಸಿದ ಕೂಡಲೇ ಇನ್ನೊಬ್ಬರು ಪರದೆಯ ಮೇಲೆ ಬರುತ್ತಿದ್ದರು. ಊಟದ ಹೊತ್ತು ಬಿಟ್ಟರೆ ಬಿಡುವಿಲ್ಲ. ಟೀಗೆ ಎದ್ದರೆ ಕುರ್ಚಿಯೇ ಮೇಲಿನವರಿಗೆ ವರದಿ ಮಾಡುತ್ತಿತ್ತು. ಹೀಗೆ ಬೈಸಿಕೊಂಡವರು ತಮ್ಮ ಪಾಲಿನದನ್ನು ಯಾರಿಗಾದರೂ ದಾಟಿಸಬೇಕಲ್ಲ, ಅದು ಮೆಟ್ಟಿಲಿಳಿದು ನೆಲಮಾಳಿಗೆಗೆ ಬರುತ್ತಿತ್ತು.

"ಗಂಗಣ್ಣ, ನೆಟ್ ಇಲ್ಲ."

ಈ ಮಾತನ್ನು ಅವನು ಬಚ್ಚಲಿನಲ್ಲಿ ಕೇಳಿದ್ದ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದ, ಮಾವನ ಮಣ್ಣಿಗೆ ಹೋದಾಗ ಗುಂಡಿಯ ಪಕ್ಕ ನಿಂತು ಕೇಳಿದ್ದ. ಓಡಿ ಹೋಗಿ ನೋಡಿದರೆ ನೂರಕ್ಕೆ ತೊಂಬತ್ತು ಸಲ ಯಾರೋ ಕಾಲು ಚಾಚಿ ಪ್ಲಗ್ಗು ಬಿಚ್ಚಿರುತ್ತಿದ್ದರು. ಬೂಷ್ಟಮ್ಮ ಬಂದ ಮೇಲೂ ಕರೆಗಳು ನಿಲ್ಲಲಿಲ್ಲ, ಕಾರಣಗಳಷ್ಟೇ ಬದಲಾದವು. ಒಂದು ಸಲ ಮೂರನೇ ಮಹಡಿಯ ಪದ್ಮಲತಾ ತನ್ನ ಊಟದ ಡಬ್ಬಿಯನ್ನು ಕೊಳವೆಯ ಬಾಯಿಯ ಹತ್ತಿರ ಮುಚ್ಚಳ ತೆಗೆದಿಟ್ಟು ಮರೆತಿದ್ದಳು. ಸೋಮವಾರ ಬಂದು ನೋಡಿದರೆ ಡಬ್ಬಿಯಲ್ಲಿ ಚಿತ್ರಾನ್ನವಿಲ್ಲ, ಕಡಲೆಬೀಜ ಮಾತ್ರ ಒಂದು ಪಕ್ಕಕ್ಕೆ ಉಳಿದಿದೆ. ಆ ವಾರವೆಲ್ಲ ಮೂರನೇ ಮಹಡಿಯ ನೆಟ್ ಕಟ್ಟಡದಲ್ಲೇ ಚುರುಕಾಗಿತ್ತು. ಚಿತ್ರಾನ್ನ ಮಾಡಿದ ಕೈ ತನ್ನದೆಂದು ಪದ್ಮಲತಾ ಇನ್ನೂ ಹೇಳಿಕೊಂಡು ಓಡಾಡುತ್ತಿದ್ದಳು.

ತಂತಿಗಳ ಕಾಲದಲ್ಲಿ ಆ ನೆಲಮಾಳಿಗೆಯಲ್ಲಿ ಇಬ್ಬರಿದ್ದರು, ಸಿದ್ಧಗಂಗಯ್ಯ ಮತ್ತು ಕಲಂದರ್. ದಿನಾ ನಾಲ್ಕು ಗಂಟೆಗೆ ಒಂದು ಬೈ-ಟೂ ಟೀ ತರಿಸುತ್ತಿದ್ದರು. ಲೋಟ ಬಾಯಿಗಿಟ್ಟ ಕೂಡಲೇ ಫೋನ್ ಬರುತ್ತಿತ್ತು. ಕಲಂದರ್ ಅದಕ್ಕೊಂದು ಉಪಾಯ ಹುಡುಕಿದ. ಗೋಡೆಯ ಪೆಟ್ಟಿಗೆಯಲ್ಲಿ ಒಂದು ರಿಪೇರಿ ಕೀಲಿ ಇತ್ತು. ಅದನ್ನು ತಿರುಗಿಸಿದರೆ ಇಡೀ ಜಾಲದ ಮೇಲಿನ ಭಾರ ಇಳಿಯುತ್ತಿತ್ತು, ಪರದೆಗಳು ಇದ್ದಲ್ಲೇ ನಿಲ್ಲುತ್ತಿದ್ದವು, ಮೇಲಿನವರಿಗೆ ಮಾತ್ರ ಹಳೆಯ ಅಂಕಿಗಳೇ ಹೋಗುತ್ತಿದ್ದವು. "ನಾವ್ ಟೀ ಕುಡಿಯೋ ಹತ್ ನಿಮ್ಸ ಯಾರ ನೆಟ್ಟೂ ಹಾಳಾಗಬಾರ್ದು ಅಂದ್ರೆ, ಯಾರಿಗೂ ನೆಟ್ಟೇ ಇರಬಾರ್ದು" ಎಂಬುದು ಅವನ ಸಿದ್ಧಾಂತ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು, ಆದರೆ ಸಿಕ್ಕಿಬೀಳಲಿಲ್ಲ. ಮೇಲಿನ ಮಹಡಿಗಳ ಜನ ಆ ಹತ್ತು ನಿಮಿಷ ಮೇಜಿಗೆ ತಲೆಯಿಟ್ಟು ಮಲಗುತ್ತಿದ್ದರು, ಕಿಟಕಿಗೆ ಬಂದು ಮೈಮುರಿಯುತ್ತಿದ್ದರು. ನಾಲ್ಕು ಗಂಟೆಗೆ ನೆಟ್ ಹೋಗುವುದು ಸೂರ್ಯ ಮುಳುಗಿದಷ್ಟೇ ಸಹಜ ಎಂದು ಅವರು ನಂಬಿಕೊಂಡಿದ್ದರು.

ಬೂಷ್ಟಮ್ಮ ಬಂದಾಗ ಕಟ್ಟಡಕ್ಕೆ ಒಬ್ಬನೇ ಸಾಕು ಎಂದರು. ಕಲಂದರನನ್ನು ಮನೆಗೆ ಕಳಿಸಿದರು. ಅವನು ಮನೆಗೆ ಹೋಗದೆ ರಸ್ತೆಯ ಆಚೆ ಬದಿಗೆ ಹೋಗಿ ಟೀ ಅಂಗಡಿ ಇಟ್ಟ. ಕೆಲಸದ ಹೊತ್ತಿನಲ್ಲಿ ತಂತ್ರಜ್ಞ ಗೇಟು ದಾಟುವಂತಿರಲಿಲ್ಲ, ಹಾಗಾಗಿ ನಾಲ್ಕಕ್ಕೆ ಸೆಕ್ಯುರಿಟಿಯವರ ಕೈಲಿ ಟೀ ಬರುತ್ತಿತ್ತು. ಬರುತ್ತಿದ್ದದ್ದು ಎರಡು ಲೋಟ, ಎರಡರಲ್ಲೂ ಅರ್ಧರ್ಧ. ಒಂದೇ ಸಾಕೆಂದು ಹೇಳಿ ಕಳಿಸಿದರೆ ಗೇಟಿನಾಚೆಯಿಂದ ಕಲಂದರ್ ಕೂಗಿ ಹೇಳಿದ್ದ: "ಒಂದೇ ಲೋಟ ಕಳಿಸೋಕೆ ನಾನೇನ್ ಸತ್ತೋಗಿದೀನಾ ಗಂಗಣ್ಣ?"

ಗೆಳೆಯನ ಪಾಲಿನ ಟೀಯನ್ನು ಚೆಲ್ಲಲು ಸಿದ್ಧಗಂಗಯ್ಯನಿಗೆ ಕೈ ಬರಲಿಲ್ಲ. ಕುಡಿಯಲೂ ಮನಸ್ಸಾಗಲಿಲ್ಲ. ಬೂಷ್ಟಮ್ಮನಿಗೆ ಬೆಲ್ಲದ ನೀರು ಹಾಕುವ ಆಲಿಕೆಯೊಳಗೆ ಅದನ್ನು ಸುರಿದ. ಅಭ್ಯಾಸಬಲದಿಂದ, ಹೊಸ ಜಾಲಕ್ಕೂ ಜೋಡಿಸಿದ್ದ ಅದೇ ಕೀಲಿಯನ್ನೂ ತಿರುಗಿಸಿದ. ಆ ತೇವದ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ತನ್ನ ಪಾಲನ್ನು ಕುಡಿದ. ಹಾಗೇ ಆರು ವರ್ಷ ಕಳೆಯಿತು.

ಜೀವತಂತು ಕಂಪನಿಯಿಂದ ಡಾಕ್ಟರ್ ಇಂಚರಾ ಬಂದದ್ದು ಈ ಆರು ವರ್ಷದ ಗುಟ್ಟನ್ನು ಹುಡುಕಿಕೊಂಡು. ಬೇರೆ ಎಲ್ಲ ಕಟ್ಟಡಗಳಲ್ಲೂ ತಂತು ಎರಡು ವರ್ಷಕ್ಕೆ ಕಂದು ತಿರುಗಿ ಸಾಯುತ್ತಿತ್ತು. ಇದೊಂದೇ ಇನ್ನೂ ಹಾಲಿನ ಕೆನೆಯ ಹಾಗೆ ಬೆಳ್ಳಗಿತ್ತು. ಆಕೆ ನೆಲಮಾಳಿಗೆಗೆ ಇಳಿದಾಗ ಒಂದು ಕಿವಿಯಲ್ಲಿ ಕಂಪನಿಯ ಮೀಟಿಂಗು ನಡೆಯುತ್ತಿತ್ತು, ಇನ್ನೊಂದು ಕಿವಿ ಮಾತ್ರ ಸಿದ್ಧಗಂಗಯ್ಯನಿಗೆ ಸಿಕ್ಕಿತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆದರೂ ಕೈಚೀಲ ಕೆಳಗಿಟ್ಟವಳೇ ಮಂಡಿಯೂರಿ ಎಳೆಗಳನ್ನು ಒಂದೊಂದಾಗಿ ನೋಡಿದಳು. ಬಲ್ಲವಳು ಎಂಬುದು ಅವನಿಗೆ ಆಗಲೇ ಗೊತ್ತಾಯಿತು.

"ಏನ್ ಹಾಕ್ತಾ ಇದೀರಿ ಸಿದ್ಧಗಂಗಯ್ಯನೋರೆ? ನಾವ್ ಹೇಳಿದ್ದು ಬಿಟ್ಟು ಬೇರೆ ಏನೋ ಇದೆ. ಸುಳ್ ಹೇಳ್ಬೇಡಿ, ನಾನೇನ್ ಬಯ್ಯಲ್ಲ."

"ಟೀ ಮೇಡಂ" ಎಂದ ಅವನು. "ದಿನಾ ಅರ್ಧ ಲೋಟ."

ಅಷ್ಟು ನಿಜ. ಕೀಲಿಯ ವಿಷಯ ಬಾಯಿತನಕ ಬಂದು ನಿಂತಿತು. ಪಿಂಚಣಿಗೆ ಇನ್ನು ಸ್ವಲ್ಪವೇ ದೂರವಿತ್ತು. ಟೀ ಕೊಟ್ಟವನನ್ನು ನಗಾಡಿ ಬಿಟ್ಟಾರು, ಇಡೀ ಕಚೇರಿಯನ್ನು ದಿನಾ ನಿಲ್ಲಿಸಿದವನನ್ನು ಬಿಡುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡ.

ಇಂಚರಾ ಆ ಟೀಯನ್ನು ಸೀಸೆಯಲ್ಲಿ ತುಂಬಿಕೊಂಡು ಹೋದಳು. ಟೀಯಲ್ಲಿನ ಯಾವುದೋ ಒಗರು ವಸ್ತು ಶಿಲೀಂಧ್ರದ ಕೋಶಗಳನ್ನು ಕಾಪಾಡುತ್ತಿರಬಹುದು ಎಂದು ಅವಳ ಲೆಕ್ಕಾಚಾರ. ಅದರಲ್ಲಿ ತಪ್ಪೇನೂ ಇರಲಿಲ್ಲ, ಅವಳಿಗೆ ಸಿಕ್ಕಿದ್ದ ಸಾಕ್ಷ್ಯವೇ ಅರ್ಧ. ಅದೂ ಬೈ-ಟೂ.

ತಿಂಗಳೊಳಗೆ ಎಲ್ಲ ಕಟ್ಟಡಗಳಿಗೂ ಆದೇಶ ಬಂತು. ಅರ್ಧ ಲೋಟಕ್ಕೆ ಇಷ್ಟು ಗುಣವಾದರೆ ಡ್ರಮ್ಮುಗಟ್ಟಲೆ ಕೊಟ್ಟರೆ ಎಷ್ಟಾದೀತು ಎಂದು ಮೇಲೆ ಯಾರಿಗೋ ಹೊಳೆದಿತ್ತು. ಬೂಷ್ಟಮ್ಮನ ಕೋಣೆಗೆ ಒಂದು ಸ್ಟೀಲಿನ ಡ್ರಮ್ಮು, ಒಂದು ಪಂಪು ಬಂತು. ಗಂಟೆಗೊಂದು ಸಲ ಪಂಪು ಗೊರಗೊರ ಎಂದು ಟೀ ಒಳಗೆ ಬಿಡುತ್ತಿತ್ತು. ಎಳೆಗಳಿಗೆ ಇಂಚರಾಳ ಅಳತೆಯ ಸಾಧನಗಳನ್ನು ಕಟ್ಟಿದ್ದರಿಂದ ಕೀಲಿ ತಿರುಗಿಸಿದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಸಿದ್ಧಗಂಗಯ್ಯ ಕೀಲಿಯ ಹತ್ತಿರವೂ ಸುಳಿಯಲಿಲ್ಲ.

ಮೊದಲ ವಾರ ನೆಟ್ ಕುದುರೆಯ ಹಾಗೆ ಓಡಿತು. ಮ್ಯಾನೇಜರು ಸಿಹಿ ಹಂಚಿದರು. ವೇಗ ಹೆಚ್ಚಾದದ್ದಕ್ಕೆ ಗಂಟೆಗೆ ಬೈಸಿಕೊಳ್ಳುವ ಗ್ರಾಹಕರ ಸಂಖ್ಯೆಯನ್ನೂ ಹೆಚ್ಚಿಸಿದರು. ನಾಲ್ಕು ಗಂಟೆಗೆ ಯಾರ ಪರದೆಯೂ ನಿಲ್ಲಲಿಲ್ಲ. ಆಮೇಲೆ ಎಳೆಗಳ ತುದಿ ಕಂದಾಗತೊಡಗಿತು. ಕೊಳವೆಯಲ್ಲಿ ಕೈಯಿಟ್ಟರೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. ಮೊದಲು ನಾಲ್ಕನೇ ಮಹಡಿ ಹೋಯಿತು, ಆಮೇಲೆ ಎರಡನೆಯದು. ಸಿದ್ಧಗಂಗಯ್ಯ ಹತ್ತಿ ಇಳಿದು, ಇಳಿದು ಹತ್ತಿ, ಮಂಡಿಗಳು ಮಾತಾಡತೊಡಗಿದವು. ಪದ್ಮಲತಾ ಒಂದು ಮಧ್ಯಾಹ್ನ ಅವನ ಮುಂದೆ ಕಣ್ಣೀರು ಹಾಕಿಕೊಂಡಳು. "ನಂಗ್ ಬೈಸ್ಕೊಳೋದು ಅಭ್ಯಾಸ ಆಗೋಗಿದೆ ಗಂಗಣ್ಣ. ಮಧ್ಯ ಒಂದ್ ಸಲ ನಿಲ್ತಾ ಇತ್ತಲ್ಲ, ಅದೂ ಇಲ್ಲ ಈಗ" ಎಂದಳು.

ಜೀವತಂತು ಕಂಪನಿ ಕೊನೆಗೆ ತೀರ್ಮಾನ ಮಾಡಿತು. ಶುಕ್ರವಾರ ಕೊಳವೆಗಳಿಗೆ ಔಷಧಿ ಬಿಟ್ಟು ಬೂಷ್ಟಮ್ಮನನ್ನು ತೊಳೆದುಹಾಕುವುದು. ಹೊಸ ತಳಿ ಬಿತ್ತುವುದು. ಅದನ್ನು ಎಲ್ಲೋ ದೂರದಿಂದಲೇ ನೋಡಿಕೊಳ್ಳಬಹುದು, ನೆಲಮಾಳಿಗೆಯಲ್ಲಿ ಮನುಷ್ಯ ಬೇಕಾಗಿಲ್ಲ. ಬೂಷ್ಟಮ್ಮ ಹೋದರೆ ತಾನೂ ಹೋಗುವವನೇ ಎಂದು ಸಿದ್ಧಗಂಗಯ್ಯನಿಗೆ ಅರ್ಥವಾಯಿತು. ಅದಕ್ಕಿಂತ, ಆರು ವರ್ಷ ಊಟ ಹಾಕಿದ ಜೀವ ತನ್ನ ಕೈಯಲ್ಲೇ ಸಾಯುತ್ತಿದೆ, ಯಾಕೆಂದು ತನಗೇ ಗೊತ್ತಾಗುತ್ತಿಲ್ಲ ಎಂಬುದು ಅವನನ್ನು ತಿನ್ನುತ್ತಿತ್ತು.

ಗುರುವಾರ ಮಧ್ಯಾಹ್ನ ಅಪರೂಪಕ್ಕೆ ಎರಡು ಗಂಟೆ ರಜೆ ಕೇಳಿಕೊಂಡು ಊಟಕ್ಕೆ ಮನೆಗೆ ಹೋದ. ಮೂರೂವರೆಗೆ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಹೆಂಡತಿ ವಿಶಾಲಾಕ್ಷಿ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಮುದ್ದೆ ಮುರಿಯದೆ ಸಾರಿನೊಳಗೆ ಬೆರಳಾಡಿಸುತ್ತಿದ್ದ ಗಂಡನನ್ನು ನೋಡಿ ಅವಳು ಬಡಿಸುವ ಸೌಟು ಕೆಳಗಿಟ್ಟಳು.

"ಏನಂತೆ ನಿಮ್ಮ ಎರಡನೇ ಹೆಂಡ್ತಿಗೆ?"

"ಹೋಗ್ತಾಳೆ ಕಣೇ. ಟೀ ಕುಡಿದು ಬದುಕಿದ್ಲು, ಟೀ ಕುಡಿದೇ ಸಾಯ್ತಾ ಅವ್ಳೆ. ನಂಗಂತೂ ತಲೇನೇ ಓಡ್ತಿಲ್ಲ."

"ಎಷ್ಟ್ ಹೊತ್ತಿಗೊಂದ್ಸಲ ಕೊಡ್ತಾರೆ?"

"ಗಂಟೆಗೊಂದ್ಸಲ. ಆಯಮ್ಮ ಹಗಲೂ ರಾತ್ರಿ ಎಚ್ಚರವಾಗೇ ಇರ್ತಾಳೆ."

ವಿಶಾಲಾಕ್ಷಿ ಸೌಟನ್ನು ಮತ್ತೆ ಎತ್ತಿಕೊಂಡು ಬಡಿಸಿದಳು. ಗಂಡನ ಊಟ ಮುಗಿದ ಮೇಲೆ ತಟ್ಟೆ ಎತ್ತಿಟ್ಟು, ದಿನದ ವಾಡಿಕೆಯಂತೆ ಅಡುಗೆಮನೆಯ ಹೊಸಿಲಿಗೆ ತಲೆ ಕೊಟ್ಟು ಬರಿ ನೆಲದ ಮೇಲೆ ಮಲಗಿದಳು. ಮಲಗಿಕೊಂಡೇ ಹೇಳಿದಳು: "ಈ ಹೊತ್ತಲ್ಲಿ ನಂಗ್ಯಾರಾದ್ರೂ ಟೀ ತಂದ್ಕೊಟ್ಟು ಏಳು ಅಂದ್ರೆ ಲೋಟನೇ ಎಸೀತೀನಿ. ಟೀ ಯಾರಿಗ್ರೀ ಬೇಕು? ಟೀ ನೆಪ. ಹತ್ ನಿಮ್ಸ ಕೂತ್ಕೊಳೋಕೆ ನೆಪ ಅದು."

ಸಿದ್ಧಗಂಗಯ್ಯ ಕೈ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತ. ಆರು ವರ್ಷದ ನಾಲ್ಕು ಗಂಟೆಗಳು ಅವನ ಕಣ್ಣ ಮುಂದೆ ಬಂದವು. ಆಲಿಕೆಗೆ ಟೀ ಸುರಿಯುತ್ತಿದ್ದ. ಕೀಲಿ ತಿರುಗಿಸುತ್ತಿದ್ದ. ಭಾರ ಇಳಿದ ಕೂಡಲೇ ಎಳೆಗಳು ತಣ್ಣಗಾಗಿ ಸಡಿಲ ಬಿಟ್ಟುಕೊಳ್ಳುತ್ತಿದ್ದವು. ಅದನ್ನು ಟೀಯ ಗುಣ ಎಂದು ಇವನೂ ನಂಬಿದ್ದ. ಬೂಷ್ಟಮ್ಮನಿಗೆ ಸಿಗುತ್ತಿದ್ದದ್ದು ಹತ್ತು ನಿಮಿಷದ ನಿದ್ದೆ. ಬೇರೆ ಯಾವ ಕಟ್ಟಡದಲ್ಲೂ, ಯಾವ ತಂತುವಿಗೂ ಅದು ಸಿಕ್ಕಿರಲಿಲ್ಲ. ತಾನು ಬಾಯಿ ಮುಚ್ಚಿಕೊಂಡದ್ದರಿಂದ ಈಗ ಇವಳಿಗೂ ತಪ್ಪಿಹೋಗಿತ್ತು. ಅವನಿಗೆ ನಾಚಿಕೆಯಾಯಿತು.

"ವಿಶಾಲೂ, ಕೆಲ್ಸ ಹೋದ್ರೆ ಏನ್ಮಾಡೋದೇ?" ಎಂದು ಕೇಳಿದ.

"ಹಪ್ಪಳ ಒಣಗ್ಸೋಕೆ ಆಳ್ ಬೇಕಾಗದೆ" ಎಂದು ಅವಳು ಕಣ್ಣುಮುಚ್ಚಿಕೊಂಡೇ ಹೇಳಿದಳು. "ಈಗ ಸುಮ್ನಿರಿ, ನಂದಿನ್ನೂ ಹತ್ ನಿಮ್ಸ ಆಗಿಲ್ಲ."

ಅವನು ನೆಲಮಾಳಿಗೆಗೆ ಬಂದಾಗ ಇಂಚರಾ ಔಷಧಿಯ ಕ್ಯಾನುಗಳನ್ನು ಗೋಡೆಗೆ ಸಾಲಾಗಿ ಇಡಿಸುತ್ತಿದ್ದಳು. ಕಿವಿಯಲ್ಲಿ ಅದೇ ಮೀಟಿಂಗು. ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು, ಸೆಕ್ಯುರಿಟಿಯವನು ಎರಡು ಲೋಟ ತಂದು ಮೇಜಿನ ಮೇಲಿಟ್ಟು ಹೋದ. ಬೂಷ್ಟಮ್ಮ ಪಂಪಿನ ಟೀ ಕುಡಿಯುತ್ತಿದ್ದರೂ ಕಲಂದರ್ ತನ್ನ ಪಾಲು ಕಳಿಸುವುದನ್ನು ನಿಲ್ಲಿಸಿರಲಿಲ್ಲ.

ಸಿದ್ಧಗಂಗಯ್ಯ ಪಂಪಿನ ಸ್ವಿಚ್ಚು ಆರಿಸಿದ. ಗೋಡೆಯ ಪೆಟ್ಟಿಗೆ ತೆರೆದು ಕೀಲಿ ತಿರುಗಿಸಿದ.

ಮೇಲೆ ಮಹಡಿಗಳ ಗದ್ದಲ ಒಮ್ಮೆಲೇ ನಿಂತಿತು. ಇಂಚರಾಳ ಕಿವಿಯ ಮೀಟಿಂಗೂ ನಿಂತಿತು. ಅವಳು ಕಿವಿ ಮುಟ್ಟಿ ನೋಡಿಕೊಂಡಳು.

"ಏನ್ ಮಾಡಿದ್ರಿ ನೀವು?"

"ಟೀ ಟೈಮ್ ಮೇಡಂ. ಹತ್ ನಿಮಿಷ ಕೂತ್ಕೊಳಿ, ಆಮೇಲ್ ಎಲ್ಲಾ ಹೇಳ್ತೀನಿ. ಅಲ್ಲೀತನಕ ಆ ಮೀಟರ್ ಒಂದ್ ನೋಡ್ತಾ ಇರಿ."

ಅವಳು ಕೀಲಿಯತ್ತ ಒಂದು ಹೆಜ್ಜೆ ಇಟ್ಟಳು. ಆಗ ಮೀಟರಿನ ಮುಳ್ಳು ಕಣ್ಣಿಗೆ ಬಿತ್ತು. ಎಳೆಗಳ ಬಿಸಿ ಇಳಿಯುತ್ತಿತ್ತು. ಕಂದಿದ ಎಳೆಗಳಲ್ಲಿ ಅಡ್ಡಾದಿಡ್ಡಿಯಾಗಿ ಹಾರಾಡುತ್ತಿದ್ದ ಮಿಡಿತ ನಿಧಾನವಾಗಿ, ಒಂದೇ ಸಮನಾಗಿ ಬರತೊಡಗಿತ್ತು. ಇಂಚರಾ ಔಷಧಿಯ ಕ್ಯಾನಿನ ಮೇಲೇ ಕೂತುಬಿಟ್ಟಳು. ಮಾತಾಡುವವರು ಯಾರೂ ಇಲ್ಲದ ಆ ಕೋಣೆಯಲ್ಲಿ ಅವಳ ಹೆಗಲುಗಳು ತಾವಾಗಿಯೇ ಕೆಳಗಿಳಿದವು, ಸಿದ್ಧಗಂಗಯ್ಯ ಅದನ್ನೂ ನೋಡಿದ.

ಹತ್ತು ನಿಮಿಷ ಕಳೆದು ಕೀಲಿ ಹಿಂದಕ್ಕೆ ತಿರುಗಿದಾಗ ಪೆಟ್ಟಿಗೆಯಲ್ಲಿ ನಾಲ್ಕನೇ ಮಹಡಿಯ ದೀಪ ಹತ್ತಿತು. ವಾರದಿಂದ ಸತ್ತಿದ್ದ ಮಹಡಿ ಅದು.

"ಎಷ್ಟ್ ವರ್ಷದಿಂದ ಹೀಗೆ ಮಾಡ್ತಿದೀರಿ?" ಎಂದಳು.

"ಬೂಷ್ಟಮ್ಮ ಬಂದಾಗಿಂದ್ಲೂ ಮೇಡಂ. ಅದಕ್ಕೂ ಮುಂಚಿಂದ್ಲೂ. ಮೊದ್ಲೇ ಹೇಳ್ಬೇಕಿತ್ತು. ಹೆದ್ರಿಕೊಂಡೆ."

ಇಂಚರಾಗೆ ಸಿಟ್ಟು ಬಂದದ್ದು ನಿಜ. ಅರ್ಧ ಸತ್ಯ ನಂಬಿ ಅವಳು ಎಷ್ಟೋ ಕಟ್ಟಡಗಳಿಗೆ ಡ್ರಮ್ಮು ಹೊರಿಸಿದ್ದಳು. ಸ್ವಲ್ಪ ಹೊತ್ತು ಮುಖ ಉಜ್ಜಿಕೊಂಡಳು. "ನಾನಿದನ್ನ ಬರೀಲೇಬೇಕು ಸಿದ್ಧಗಂಗಯ್ಯನೋರೆ. ಬರೆದ್ರೆ ನಿಮ್ಮನ್ನ ಇಟ್ಕೊಳಲ್ಲ."

"ಬರೀರಿ ಮೇಡಂ. ಹತ್ ನಿಮಿಷ ಅನ್ನೋದನ್ನೂ ಬಿಡದೆ ಬರೀರಿ."

ಅವಳು ಎರಡನ್ನೂ ಬರೆದಳು. ಕಂಪನಿ ಎರಡನ್ನೂ ಓದಿತು. ಸಿದ್ಧಗಂಗಯ್ಯನನ್ನು ಮನೆಗೆ ಕಳಿಸಿತು, ಡ್ರಮ್ಮುಗಳನ್ನೂ ಔಷಧಿಯ ಕ್ಯಾನುಗಳನ್ನೂ ಹಿಂದಕ್ಕೆ ತರಿಸಿಕೊಂಡಿತು. ಎಲ್ಲ ಕಟ್ಟಡಗಳಲ್ಲೂ ದಿನಾ ನಾಲ್ಕು ಗಂಟೆಗೆ ತಂತುವಿಗೆ ಹತ್ತು ನಿಮಿಷ ಕಡ್ಡಾಯ ವಿಶ್ರಾಂತಿ ಎಂದು ನಿಯಮವಾಯಿತು. ಆ ಹೊತ್ತಿನಲ್ಲಿ ನೌಕರರಿಗೆ ಏನು ಕೆಲಸ ಕೊಡಬಹುದೆಂದು ಮ್ಯಾನೇಜರು ತಲೆಕೆಡಿಸಿಕೊಂಡು ನೋಡಿದರು. ನೆಟ್ ಇಲ್ಲದೆ ಮಾಡುವಂಥ ಕೆಲಸ ಆ ಕಟ್ಟಡದಲ್ಲಿ ಒಂದೂ ಉಳಿದಿರಲಿಲ್ಲ. ಕುರ್ಚಿಗಳಿಗೂ ವರದಿ ಕಳಿಸಲು ನೆಟ್ ಬೇಕಿತ್ತು.

ಪಿಂಚಣಿ ಅರ್ಧಕ್ಕರ್ಧವಾಗಿತ್ತು. ಸಿದ್ಧಗಂಗಯ್ಯ ಬೆಳಿಗ್ಗೆ ಹಪ್ಪಳ ಒಣಗಿಸಿ, ಮಧ್ಯಾಹ್ನ ಅಂಗಡಿಗಳಿಗೆ ಹಾಕಿ, ಸ್ಕೂಟರು ತಿರುಗಿಸಿಕೊಂಡು ಕಲಂದರನ ಅಂಗಡಿಗೆ ಬಂದ. ಬೆಂಚಿನ ಮೇಲೆ ಕೂತಾಗ ಇಷ್ಟು ವರ್ಷದ ದಣಿವೆಲ್ಲ ಒಟ್ಟಿಗೆ ಸೊಂಟಕ್ಕೆ ಇಳಿದ ಹಾಗಾಯಿತು. ಕೆಲಸ ಹೋದದ್ದಕ್ಕೆ ಬೇಜಾರಿತ್ತು, ಸುಳ್ಳೇಕೆ. ಬೂಷ್ಟಮ್ಮನಿಗೆ ಈಗ ಯಾರು ಊಟ ಹಾಕುತ್ತಾರೋ, ಬೆಲ್ಲ ಪೂರ್ತಿ ಕರಗಿಸುತ್ತಾರೋ ಇಲ್ಲವೋ ಎಂಬ ಯೋಚನೆಯೂ ಇತ್ತು.

ಕಲಂದರ್ ಏನೂ ಕೇಳದೆ ಒಂದು ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿದ. ಒಂದನ್ನು ಗೆಳೆಯನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತ.

"ನನ್ ಪಾಲಿನ್ ಟೀ ನಾನ್ ಕುಡ್ದು ಆರ್ ವರ್ಷ ಆಯ್ತು ಗಂಗಣ್ಣ" ಎಂದ. ಒಂದು ಗುಟುಕು ಕುಡಿದು ಮುಖ ಹಿಂಡಿಕೊಂಡ. "ಸಕ್ರೆ ಜಾಸ್ತಿ ಐತಲ್ಲೋ. ಹೇಳ್ಬಾರ್ದಾ?"

"ಆಯಮ್ಮ ಯಾವತ್ತೂ ಕಂಪ್ಲೇಂಟ್ ಮಾಡ್ಲಿಲ್ಲ" ಎಂದ ಸಿದ್ಧಗಂಗಯ್ಯ.

ನಾಲ್ಕಾಗುತ್ತಲೇ ಎದುರಿನ ಕಟ್ಟಡದಲ್ಲಿ ಒಂದೊಂದೇ ಕಿಟಕಿಗೆ ಜನ ಬಂದರು. ಯಾರೋ ತೋಳು ಮೇಲೆತ್ತಿ ಮೈಮುರಿದರು. ಯಾರೋ ಜಡೆ ಬಿಚ್ಚಿ ಹೆಣೆದುಕೊಳ್ಳತೊಡಗಿದರು. ಸಿದ್ಧಗಂಗಯ್ಯ ನೋಡುತ್ತಾ ಕೂತಿದ್ದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ಬೆಚ್ಚಿ ಎದ್ದು ನಿಂತೇಬಿಟ್ಟ, ಟೀ ಅರ್ಧ ಕೈಮೇಲೆ ಚೆಲ್ಲಿತು.

ಪದ್ಮಲತಾ. ಮೂರನೇ ಮಹಡಿಯ ಕಿಟಕಿಯಲ್ಲಿ ಫೋನು ಹಿಡಿದು ನಿಂತಿದ್ದಳು. ಅಭ್ಯಾಸಬಲದಿಂದ ಮಾಡಿದಳೋ, ಬೇಕೆಂದೇ ಮಾಡಿದಳೋ ಹೇಳುವಂತಿರಲಿಲ್ಲ.

"ಗಂಗಣ್ಣ, ನೆಟ್ ಇಲ್ಲ."

ಅವನು ಬೆಂಚಿನ ಮೇಲೆ ಮತ್ತೆ ಕೂತ. ಕಾಲು ಚಾಚಿದ.

"ಇಲ್ದೆ ಇದ್ರೆ ಇರ್ಲಿ ಬಿಡವ್ವ" ಎಂದ. "ಮಲಗವ್ಳೆ. ಎಬ್ಬಿಸ್ಬೇಡ."